ನಯವಾದುದನ್ನು ಒರಟು ಮಾಡುವ ಕ್ರಮ: ಲೇಸರ್ ಯಂತ್ರದ ಬಳಕೆದಾರರ ಕೈಪಿಡಿ

ಪೆಟ್ಟಿಗೆ ಬಿಚ್ಚುವ ಮುನ್ನ

20 ವ್ಯಾಟ್‌ನ ಫೈಬರ್ ಲೇಸರ್ ಯಂತ್ರ ಕೊಂಡಿದ್ದೀರಿ, ಸಂತೋಷ. ಜೊತೆಗೆ ಬಂದ ಮೂಲ ಕೈಪಿಡಿಯಲ್ಲಿ ಯಾವ ಗುಂಡಿ ಎಲ್ಲಿದೆ ಎಂದು ಚಿತ್ರ ಸಮೇತ ತೋರಿಸಿದ್ದಾರೆ. ಗುಂಡಿ ಒತ್ತಿದ ಮೇಲೆ ಲೋಹದ ಮೈಮೇಲೆ ಏನಾಗುತ್ತದೆ ಎಂಬುದು ಅದರಲ್ಲಿಲ್ಲ. ಆ ಕೊರತೆ ತುಂಬಲು ಈ ಕನ್ನಡ ಕೈಪಿಡಿ. ಓದದೆಯೇ ಯಂತ್ರ ಚಾಲೂ ಮಾಡುವವರು ಇದ್ದೇ ಇರುತ್ತಾರೆ. ಅವರು ನೇರವಾಗಿ ‘ತೊಂದರೆ ಮತ್ತು ಪರಿಹಾರ’ ಭಾಗಕ್ಕೆ ಹೋಗಬಹುದು. ಹೇಗಿದ್ದರೂ ಸಂಜೆಯೊಳಗೆ ಅಲ್ಲಿಗೇ ಬರುತ್ತಾರೆ.

ಮೊದಲು ಉದ್ದೇಶ ಸ್ಪಷ್ಟವಾಗಲಿ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಕಾಲದಿಂದ ಪೀಣ್ಯದ ಶೆಡ್ಡುಗಳಲ್ಲಿ ಬಫಿಂಗ್ ಚಕ್ರ ತಿರುಗುವ ಇವತ್ತಿನವರೆಗೆ ನಾವು ಲೋಹವನ್ನು ನಯ ಮಾಡುತ್ತಲೇ ಬಂದಿದ್ದೇವೆ. ಒರಟುತನ 0.8 ಮೈಕ್ರಾನ್ ಮೀರಬಾರದೆಂದು ಡ್ರಾಯಿಂಗಿನಲ್ಲಿ ಬರೆದಿದ್ದರೆ, ಮೀರಿದ ಮಾಲು ರಿಜೆಕ್ಟ್. ಈಗ ನೀವು ಲಕ್ಷಗಟ್ಟಲೆ ಸುರಿದು ತಂದಿರುವುದು ಅಷ್ಟು ಕಷ್ಟಪಟ್ಟು ನಯ ಮಾಡಿದ ಮೈಯನ್ನು ಮತ್ತೆ ಒರಟು ಮಾಡುವ ಯಂತ್ರ. ಮನೆಯ ಹಿರಿಯರು ಕೇಳಿದರೆ ಏನು ಹೇಳಬೇಕೆಂಬುದನ್ನು ಕೆಳಗೆ ಕೊಟ್ಟಿದೆ.

ಪೂರ್ತಿ ನಯವಾದ ಎರಡು ಮೈಗಳು ಒಂದರ ಮೇಲೊಂದು ಉಜ್ಜುವಾಗ ನಡುವೆ ಎಣ್ಣೆ ನಿಲ್ಲುವುದು ಕಷ್ಟ. ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಇಝಾಕ್ ಎಟ್ಸಿಯನ್ 1990ರ ದಶಕದಲ್ಲಿ ಪಂಪಿನ ಸೀಲುಗಳ ಮೈಮೇಲೆ ಲೇಸರಿನಿಂದ ಸಾಲುಸಾಲಾಗಿ ಗುಳಿ ತೆಗೆದು ನೋಡಿದರು. ಒಂದೊಂದು ಗುಳಿಯೂ ಸುಮಾರು 100 ಮೈಕ್ರಾನ್ ಅಗಲ, ಆಳ ಕೆಲವೇ ಮೈಕ್ರಾನ್. ಗುಳಿಗಳಲ್ಲಿ ನಿಂತ ದ್ರವ ಎರಡು ಮೈಗಳನ್ನೂ ಕೊಂಚ ದೂರ ತಳ್ಳಿ ಹಿಡಿಯಿತು, ಘರ್ಷಣೆ ಇಳಿಯಿತು. ಕಾರಿನ ಡ್ಯಾಶ್‌ಬೋರ್ಡ್ ಮೇಲಿನ ತೊಗಲಿನಂಥ ಸುಕ್ಕು ಕೂಡ ಈಗ ಎಷ್ಟೋ ಕಡೆ ಉಕ್ಕಿನ ಅಚ್ಚಿನೊಳಗೆ ಲೇಸರ್ ಕೊರೆದ ಸುಕ್ಕು. ಅಲ್ಲಿ ಯಾವ ದನವೂ ಭಾಗಿಯಾಗಿಲ್ಲ. ದವಡೆಯೊಳಗೆ ಕೂರಿಸುವ ಟೈಟೇನಿಯಂ ಹಲ್ಲಿನ ಬೇರು ತರಿತರಿಯಾಗಿದ್ದರೆ ಮೂಳೆ ಅದನ್ನು ಇನ್ನೂ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಚಿನ್ನದಂಗಡಿಯಲ್ಲೂ ಈ ಯಂತ್ರದ ನೆಂಟರಿದ್ದಾರೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರಬೇಕಾದರೆ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಗುರುತು ಕಡ್ಡಾಯ. ಓಲೆಯ ಹಿಂಬದಿಯಲ್ಲಿ ಕಣ್ಣಿಗೆ ಕಷ್ಟಪಟ್ಟು ಕಾಣುವ ಆ ಗುರುತನ್ನು ಹಾಕುವುದು ಲೇಸರೇ.

ಇದೆಲ್ಲ ಇದ್ದರೂ ನಿಮ್ಮ ಮನಸ್ಸಿನಲ್ಲಿರುವುದು ಗೃಹಪ್ರವೇಶಕ್ಕೆ ಹಂಚುವ ಸ್ಟೀಲ್ ಡಬ್ಬಿಗಳ ಮೇಲೆ ಹೆಸರು ಹಾಕುವ ಆರ್ಡರು ಎಂಬುದು ನಮಗೆ ಗೊತ್ತು. ಅದೂ ಆಗುತ್ತದೆ.

ಎಚ್ಚರಿಕೆಗಳು

ಇದು ತಮಾಷೆಯ ಭಾಗವಲ್ಲ. ಈ ಯಂತ್ರದ ಬೆಳಕಿನ ತರಂಗಾಂತರ 1064 ನ್ಯಾನೋಮೀಟರ್. ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣೊಳಗೆ ಹೋಗುತ್ತದೆ. ಕಾಣುವ ಬೆಳಕಾದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಇದಕ್ಕೆ ಮುಚ್ಚಿಕೊಳ್ಳುವುದಿಲ್ಲ. ಕಣ್ಣಿನ ಮಸೂರ ತನ್ನ ಕರ್ತವ್ಯ ಮರೆಯದೆ ಆ ಕಿರಣವನ್ನು ಅಕ್ಷಿಪಟಲದ ಮೇಲೆ ಚೂಪಾಗಿ ಕೂಡಿಸುತ್ತದೆ. ಅಲ್ಲಿ ಬಿದ್ದ ಗುಳಿಗೆ ಯಾವ ಜಾಬ್ ವರ್ಕಿನವರೂ ವೆಲ್ಡಿಂಗ್ ಮಾಡಿಕೊಡುವುದಿಲ್ಲ.

ಯಂತ್ರದ ಜೊತೆ ಉಚಿತವಾಗಿ ಬಂದ ಹಸಿರು ಕನ್ನಡಕದ ಮೇಲೆ ತರಂಗಾಂತರವೂ ‘ಒಡಿ’ ಸಂಖ್ಯೆಯೂ ಅಚ್ಚಾಗಿದೆಯೇ ನೋಡಿ. ‘ಒಡಿ 6’ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬಿಡುತ್ತದೆ. ಏನೂ ಅಚ್ಚಾಗಿರದಿದ್ದರೆ ಆ ಕನ್ನಡಕವನ್ನು ಮಕ್ಕಳಿಗೆ ಆಟಕ್ಕೆ ಕೊಟ್ಟು ಬೇರೆ ಕೊಳ್ಳಿ. ಉಂಗುರ, ಕಡಗ, ವಾಚು ತೆಗೆದಿಡಿ, ಹೊಳೆಯುವುದೆಲ್ಲ ಈ ಕೋಣೆಯಲ್ಲಿ ಕನ್ನಡಿ. ಸ್ಟೇನ್‌ಲೆಸ್ ಸ್ಟೀಲಿನಿಂದ ಏಳುವ ಹೊಗೆಯಲ್ಲಿ ಕ್ರೋಮಿಯಂ, ನಿಕ್ಕಲ್ ಕಣಗಳಿರುತ್ತವೆ. ಫಿಲ್ಟರ್ ಇರುವ ಎಕ್ಸಾಸ್ಟ್ ಹಾಕಿ. ಕಿಟಕಿ ತೆರೆದಿಟ್ಟಿದ್ದೇನೆ ಎಂಬುದು ಉತ್ತರವಲ್ಲ, ಊದುಬತ್ತಿ ಹಚ್ಚಿದ್ದೇನೆ ಎಂಬುದಂತೂ ಅಲ್ಲವೇ ಅಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಯಿಟರ್ಬಿಯಂ ಬೆರೆಸಿದ ಗಾಜಿನ ಎಳೆ, ಅಂದರೆ ಬೆಳಕು ಹುಟ್ಟುವ ಜಾಗ. ಗಾಲ್ವೊ ಎಂಬ ಎರಡು ಪುಟ್ಟ ಕನ್ನಡಿಗಳು, ಒಂದು ಕಿರಣವನ್ನು ಉದ್ದಕ್ಕೂ ಇನ್ನೊಂದು ಅಡ್ಡಕ್ಕೂ ಓಡಿಸುತ್ತವೆ. ಕಿರಣವನ್ನು ಸುಮಾರು 50 ಮೈಕ್ರಾನ್ ಅಗಲದ ಚುಕ್ಕಿಯಾಗಿ ಕೂಡಿಸುವ ಎಫ್-ಥೀಟಾ ಲೆನ್ಸ್. ಒಂದು ಕಾಲುಪೆಡಲ್. ಒಂದು ಡಾಂಗಲ್, ಕಳೆದರೆ ಸಿಗುವುದಿಲ್ಲ.

ವಂಶಾವಳಿ ಕೇಳುವವರಿಗಾಗಿ: ಮೊದಲ ಲೇಸರ್ ಉರಿದದ್ದು 1960ರ ಮೇ 16ರಂದು, ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ. ಥಿಯೋಡರ್ ಮೈಮನ್ ಒಂದು ಮಾಣಿಕ್ಯದ ಕಡ್ಡಿಯಿಂದ ಅದನ್ನು ಹೊರಡಿಸಿದರು. ನಾಲ್ಕು ವರ್ಷಕ್ಕೆ, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಬೆಲ್ ಲ್ಯಾಬ್ಸ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದ ಲೇಸರ್ ಮಾಡಿದರು. ಗಾಜಿನ ಭಾಗಕ್ಕೆ ಬಂದಾಗ ಅದು ಬೇಕಾಗುತ್ತದೆ, ನೆನಪಿರಲಿ.

ನಾಲ್ಕು ಗುಂಡಿ, ಮತ್ತೊಂದು

ಪರದೆಯ ಮೇಲೆ ನಿಮಗೆ ಕಾಣುವುದು ಪವರ್, ಸ್ಪೀಡ್, ಫ್ರೀಕ್ವೆನ್ಸಿ, ಹ್ಯಾಚ್. ಹ್ಯಾಚ್ ಎಂದರೆ ಒಂದು ಗೆರೆಗೂ ಪಕ್ಕದ ಗೆರೆಗೂ ನಡುವಿನ ಅಂತರ. ಹೊಸಬರು ಪವರನ್ನು ನೂರಕ್ಕೆ ಏರಿಸಿ ಉಳಿದದ್ದನ್ನು ದೇವರಿಗೆ ಬಿಡುತ್ತಾರೆ. ದೇವರಿಗೆ ಬಿಡುವ ಮುನ್ನ ಒಂದು ಸಣ್ಣ ಲೆಕ್ಕ ಮಾಡಿ.

ಯಂತ್ರ ಸೆಕೆಂಡಿಗೆ 20,000 ಸಲ ಮಿಡಿಯುತ್ತಿದೆ ಎನ್ನಿ. 20 ವ್ಯಾಟನ್ನು ಅಷ್ಟು ಮಿಡಿತಕ್ಕೆ ಹಂಚಿದರೆ ಒಂದಕ್ಕೆ ಒಂದು ಮಿಲಿಜೂಲ್. ಏನೇನೂ ಸಾಲದು ಅನ್ನಿಸುವಷ್ಟು ಅಲ್ಪ. ಆದರೆ ಆ ಮಿಲಿಜೂಲ್ 100 ನ್ಯಾನೋಸೆಕೆಂಡಿನೊಳಗೆ ಬಂದು ಬೀಳುವುದರಿಂದ ಆ ಕ್ಷಣದ ಬಲ 10 ಕಿಲೋವ್ಯಾಟ್, ಅದೂ ಕೂದಲೆಳೆಗಿಂತ ಕಿರಿದಾದ ಚುಕ್ಕಿಯೊಳಗೆ. ಇನ್ನು ಸ್ಪೀಡ್: ಕಿರಣ ಸೆಕೆಂಡಿಗೆ 1000 ಮಿಲಿಮೀಟರ್ ಓಡಿದರೆ ಒಂದು ಮಿಡಿತಕ್ಕೂ ಮುಂದಿನದಕ್ಕೂ 50 ಮೈಕ್ರಾನ್ ದೂರ. ಚುಕ್ಕಿಯ ಅಗಲವೂ ಅಷ್ಟೇ ಆದ್ದರಿಂದ ಗುಳಿಗಳು ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಲ್ಲುತ್ತವೆ. 250ಕ್ಕೆ ಇಳಿಸಿದರೆ ಪ್ರತಿ ಗುಳಿಯ ಮುಕ್ಕಾಲು ಭಾಗದ ಮೇಲೆ ಮುಂದಿನ ಗುಳಿ ಬೀಳುತ್ತದೆ, ಗೆರೆ ಚರಂಡಿಯಾಗುತ್ತದೆ. 4000ಕ್ಕೆ ಏರಿಸಿದರೆ ಗುಳಿಗಳು ಬಿಡಿಬಿಡಿಯಾಗಿ ಉದುರುತ್ತವೆ. ಪವರ್ ಮುಟ್ಟದೆಯೇ ಒಂದೇ ತಗಡಿನ ಮೇಲೆ ಮೂರು ಬೇರೆ ಮೈ ಬಂತು, ಅಂಗೈ ಸವರಿದರೆ ಗೊತ್ತಾಗುವಷ್ಟು ಬೇರೆ.

ಗಮನಿಸಿದ್ದೀರಾದರೆ, ಲೆಕ್ಕವೆಲ್ಲ ನಿಂತಿರುವುದು ಆ 100 ನ್ಯಾನೋಸೆಕೆಂಡಿನ ಮೇಲೆ. ಅದೇ ಐದನೆಯ ಗುಂಡಿ: ಮಿಡಿತದ ಅವಧಿ. ನಿಮ್ಮ ಅಗ್ಗದ ಯಂತ್ರದಲ್ಲಿ ಅದನ್ನು ತಿರುಗಿಸಲು ಬರುವುದಿಲ್ಲ, ಕಾರ್ಖಾನೆಯಲ್ಲೇ ಬಿಗಿದು ಕಳಿಸಿದ್ದಾರೆ. ಲೇಸರ್ ಮೈಬರಹದ ಇಡೀ ಕಥೆ ಆ ಗುಂಡಿಯ ಕಥೆ ಎಂಬುದು ಈ ಕೈಪಿಡಿಕಾರನ ಅಭಿಪ್ರಾಯ. ಮಾರಾಟ ವಿಭಾಗದ ಅಭಿಪ್ರಾಯ ಬೇರೆ. ಅವರಿಗೆ ವ್ಯಾಟ್ ಹೇಳುವುದೇ ಸುಲಭ.

ಮೊದಲ ಗುಳಿ

ಒಂದು ಸ್ಕ್ರಾಪ್ ಸ್ಟೀಲ್ ತುಂಡು ತೆಗೆದುಕೊಳ್ಳಿ. ಗ್ರಾಹಕರ ಡಬ್ಬಿ ಬೇಡ. ಫೋಕಸ್ ಸರಿಮಾಡಿ, ಒಂದೇ ಒಂದು ಮಿಡಿತ ಬಿಟ್ಟು, ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಡಿ.

ಡ್ರಿಲ್ಲಿನ ತೂತಿನಂಥ ನೇರ ಗುಳಿ ಹುಡುಕಿದರೆ ನಿರಾಶರಾಗುತ್ತೀರಿ. ಕಾಣುವುದು ನಡುವೆ ತಗ್ಗು, ಸುತ್ತ ಎದ್ದು ಹೆಪ್ಪುಗಟ್ಟಿದ ಅಂಚು, ಅಂಚಿನಾಚೆ ಸಿಡಿದು ಬಿದ್ದ ಹನಿಗಳು. ನಡೆದದ್ದು ಇಷ್ಟು. ಬಿದ್ದ ಬೆಳಕಿನಲ್ಲಿ ಮುಕ್ಕಾಲಿಗೆ ಹತ್ತಿರದಷ್ಟನ್ನು ಸ್ಟೀಲು ವಾಪಸು ಕಳಿಸಿತು. ಉಳಿದದ್ದು ಮೇಲಿನ ಕೆಲವು ಹತ್ತು ನ್ಯಾನೋಮೀಟರಿನಲ್ಲೇ ಇಂಗಿತು. 100 ನ್ಯಾನೋಸೆಕೆಂಡಿನಲ್ಲಿ ಬಿಸಿ ಉಕ್ಕಿನೊಳಗೆ ಹರಿಯಬಲ್ಲದ್ದು ಸುಮಾರು ಒಂದು ಮೈಕ್ರಾನಿನಷ್ಟು ದೂರ. ಅಷ್ಟರೊಳಗಿನ ಲೋಹ ಕರಗಿತು, ಮೇಲ್ಪದರ ಕುದಿದು ಆವಿಯಾಯಿತು. ಆ ಆವಿ ಮೇಲಕ್ಕೆ ಚಿಮ್ಮುವಾಗ ಕೆಳಗಿದ್ದ ಕರಗಿದ ಲೋಹವನ್ನು ಒತ್ತಿ ಅಂಚಿಗೆ ದಬ್ಬಿತು. ದಬ್ಬಿದ್ದು ಅಲ್ಲೇ ಗಟ್ಟಿಯಾಯಿತು. ಹೆಸರು ಹಾಕಿದ ಡಬ್ಬಿಯ ಮೇಲೆ ಬೆರಳಾಡಿಸಿದಾಗ ಉಗುರಿಗೆ ತಗಲುವುದು ಈ ಕಿಟ್ಟ. ಅಕ್ಷರ ಕಪ್ಪಗೆ ಕಾಣುವುದಕ್ಕೆ ಮಸಿ ಕಾರಣವಲ್ಲ. ತರಿತರಿಯಾದ ಮೈಯ ಸಂದಿಗಳಲ್ಲಿ ಬೆಳಕು ಹೊಕ್ಕು ಅಡ್ಡಾಡಿ ಸೊರಗುತ್ತದೆ, ಜೊತೆಗೆ ಒಂದಿಷ್ಟು ಆಕ್ಸೈಡ್ ಪದರ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಎಲ್ಲಿ ಬಿಸಿ, ಎಷ್ಟು ಹೊತ್ತು ಬಿಸಿ ಎಂಬಷ್ಟನ್ನೇ ನೀವು ಗೊತ್ತುಮಾಡಿದ್ದು. ಕರಗಿದ ಮೇಲೆ ಹೇಗೆ ಹರಿಯಬೇಕು, ಎಲ್ಲಿ ಹೆಪ್ಪುಗಟ್ಟಬೇಕು ಎಂಬುದನ್ನು ಸ್ಟೀಲೇ ತೀರ್ಮಾನಿಸಿತು. ‘ಡಿಸೈನ್ ನಮ್ಮದು’ ಎಂದು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಕೊಳ್ಳುವವರು ಇದನ್ನು ಗಮನದಲ್ಲಿಡಿ.

ಅವಧಿ ಇಳಿಸುವ ಕ್ರಮ (ಬಂಡವಾಳ ಇದ್ದವರಿಗೆ)

ಕಿಟ್ಟವೇ ಬೇಡ ಎನ್ನುವವರು ಮಿಡಿತವನ್ನು ನ್ಯಾನೋಸೆಕೆಂಡಿನಿಂದ ಫೆಮ್ಟೊಸೆಕೆಂಡಿಗೆ, ಅಂದರೆ ಅದರ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸಬೇಕು. 300 ಫೆಮ್ಟೊಸೆಕೆಂಡಿನಲ್ಲಿ ಬೆಳಕೇ ಓಡುವುದು 90 ಮೈಕ್ರಾನ್, ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪ. ಅಷ್ಟು ಗಿಡ್ಡ ಮಿಡಿತಕ್ಕೆ ಬರೀ ಹತ್ತು ಮೈಕ್ರೋಜೂಲ್ ಕೊಟ್ಟರೂ ಆ ಕ್ಷಣದ ಬಲ ಮೂರು ಕೋಟಿ ವ್ಯಾಟ್ ದಾಟುತ್ತದೆ.

ಲೋಹದಲ್ಲಿ ಬೆಳಕನ್ನು ಮೊದಲು ಹೀರುವುದು ಎಲೆಕ್ಟ್ರಾನುಗಳು. ಅವು ಆ ಬಿಸಿಯನ್ನು ಪರಮಾಣುಗಳಿಗೆ ದಾಟಿಸಲು ಕೆಲವು ಪಿಕೋಸೆಕೆಂಡ್ ಹಿಡಿಯುತ್ತದೆ. ಫೆಮ್ಟೊಸೆಕೆಂಡ್ ಮಿಡಿತ ಅಷ್ಟರಲ್ಲಿ ಬಂದು ಹೋಗಿಯೇ ಆಯಿತು. ಕಾದ ಕಾವಲಿಯ ಮೇಲಿನ ದೋಸೆಯನ್ನು ಸಟ್ಟುಗ ಇಲ್ಲದೆ ಬೆರಳಲ್ಲೇ ಮಗುಚುವ ಅಜ್ಜಿಗೆ ಸುಡುವುದಿಲ್ಲ. ಬಿಸಿ ಹರಡುವ ಮೊದಲೇ ಕೆಲಸ ಮುಗಿದಿರುತ್ತದೆ. ಇಲ್ಲೂ ಹಾಗೇ. ಬಿಸಿ ತಾಗಿದ ಪದರ ಸಿಡಿದು ಹೊರಟೇಹೋಗುತ್ತದೆ, ಪಕ್ಕದ ಲೋಹಕ್ಕೆ ಸುದ್ದಿ ತಲುಪುವುದೇ ಇಲ್ಲವೆನ್ನಬೇಕು. ಅಂಚು ಚೊಕ್ಕ, ಕಿಟ್ಟ ಇಲ್ಲವೆನ್ನುವಷ್ಟು ಕಡಿಮೆ.

ಇಂಥ ಮಿಡಿತವನ್ನು ನೇರವಾಗಿ ಬಲಪಡಿಸಲು ಹೋದರೆ ಅದು ತನ್ನನ್ನು ಬೆಳೆಸುವ ಗಾಜು-ಹರಳುಗಳನ್ನೇ ಸುಟ್ಟುಹಾಕುತ್ತದೆ. 1985ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡೊನ್ನಾ ಸ್ಟ್ರಿಕ್‌ಲೆಂಡ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಮತ್ತು ಅವರ ಮೇಷ್ಟ್ರು ಜೆರಾರ್ ಮುರು ಇದಕ್ಕೆ ದಾರಿ ತೋರಿದರು. ಮಿಡಿತವನ್ನು ಮೊದಲು ಹಿಗ್ಗಿಸಿ ತೆಳುವಾಗಿಸಬೇಕು, ತೆಳುವಾದದ್ದನ್ನು ಬಲಪಡಿಸಬೇಕು, ಆಮೇಲೆ ಮತ್ತೆ ಕುಗ್ಗಿಸಬೇಕು. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಯಂತ್ರದ ಬೆಲೆ ಮಾತ್ರ ಕುಗ್ಗಿಸುವ ಹಂತಕ್ಕೆ ಇನ್ನೂ ಬಂದಿಲ್ಲ.

ಯಾರೂ ಬರೆಯದ ಗೆರೆಗಳು

ಫೆಮ್ಟೊಸೆಕೆಂಡ್ ಮಿಡಿತಗಳನ್ನು ಬಲ ತಗ್ಗಿಸಿ ಒಂದೇ ಜಾಗಕ್ಕೆ ಹತ್ತಾರು ಸಲ ಬಿಟ್ಟರೆ ಅಲ್ಲಿ ಸಮಾನಾಂತರ ಗೆರೆಗಳು ಮೂಡುತ್ತವೆ. ಗೆರೆಯಿಂದ ಗೆರೆಗೆ ಒಂದು ಮೈಕ್ರಾನಿಗಿಂತ ಕಡಿಮೆ ಅಂತರ, ಚುಕ್ಕಿಯ ಅಗಲದಲ್ಲಿ ಹತ್ತಾರು ಗೆರೆ. ನಿಮ್ಮ ಫೈಲಿನಲ್ಲಿ ಆ ಗೆರೆಗಳಿಲ್ಲ. ಸಾಫ್ಟ್‌ವೇರಿನವನಿಗೆ ಫೋನ್ ಮಾಡಬೇಡಿ, ಅವನಿಗೂ ಗೊತ್ತಿಲ್ಲ.

1965ರಲ್ಲಿ ಮಿಲ್ಟನ್ ಬರ್ನ್‌ಬಾಮ್ ಅರೆವಾಹಕಗಳ ಮೇಲೆ ಮಾಣಿಕ್ಯದ ಲೇಸರ್ ಬಿಟ್ಟು ನೋಡುತ್ತಿದ್ದಾಗ ಇಂಥ ಗೆರೆಗಳನ್ನು ಕಂಡು ವರದಿ ಮಾಡಿದರು. ಲೇಸರ್ ಹುಟ್ಟಿ ಐದೇ ವರ್ಷವಾಗಿತ್ತು. ಅವು ಏಕೆ ಮೂಡುತ್ತವೆಂಬುದರ ಗಟ್ಟಿ ಸಿದ್ಧಾಂತವನ್ನು ಜಾನ್ ಸೈಪ್ ಮತ್ತು ಸಂಗಡಿಗರು 1983ರಲ್ಲಿ ಕೊಟ್ಟರು. ಮೈಮೇಲಿನ ಕಣ್ಣಿಗೆ ಕಾಣದ ಒರಟು ಬೆಳಕಿನ ಒಂದು ಪಾಲನ್ನು ಚದುರಿಸಿ ಮೈಯುದ್ದಕ್ಕೂ ಅಲೆಯಾಗಿ ಓಡಿಸುತ್ತದೆ. ಓಡುವ ಆ ಅಲೆಯೂ ಮೇಲಿನಿಂದ ಬೀಳುವ ಬೆಳಕೂ ಕೂಡಿ ಒಂದು ಕಡೆ ಬಿಸಿ ಹೆಚ್ಚು, ಪಕ್ಕದಲ್ಲಿ ಕಡಿಮೆ. ಹೆಚ್ಚಿದ್ದಲ್ಲಿ ಲೋಹ ಸವೆಯುತ್ತದೆ, ಸವೆದಷ್ಟೂ ಅಲ್ಲಿ ಬೆಳಕು ಇನ್ನಷ್ಟು ಸೇರುತ್ತದೆ. ಗೆರೆಗಳ ಅಂತರ ಹೆಚ್ಚುಕಡಿಮೆ ಬೆಳಕಿನ ತರಂಗಾಂತರದಷ್ಟೇ, ಕೊಂಚ ಕಡಿಮೆ. ಲೋಹಗಳಲ್ಲಿ ಗೆರೆಯ ದಿಕ್ಕು ಸಾಮಾನ್ಯವಾಗಿ ಬೆಳಕು ಕಂಪಿಸುವ ದಿಕ್ಕಿಗೆ ಅಡ್ಡ. ಕಂಪನದ ದಿಕ್ಕು ತಿರುಗಿಸಿದರೆ ಗೆರೆಯೂ ತಿರುಗುತ್ತದೆ. ಈ ಕೈಪಿಡಿಯಲ್ಲಿ ನಮಗೆ ಅತಿ ಇಷ್ಟವಾದ ಭಾಗ ಇದು, ಯಾಕೆಂದರೆ ಇದರಲ್ಲಿ ಬಳಕೆದಾರರು ಮಾಡಬೇಕಾದ್ದು ಬಹಳ ಕಡಿಮೆ.

ಬಣ್ಣವಿಲ್ಲದೆ ಬಣ್ಣ

ಸಾಲುಗೆರೆಗಳ ಮೇಲೆ ಬೆಳಕು ಬಿದ್ದರೆ ಸಿಡಿಯ ಬೆನ್ನಿನಲ್ಲಿ ಕಾಣುವ ಹಾಗೆ ಬಣ್ಣ ಒಡೆಯುತ್ತದೆ. ತಗಡನ್ನು ವಾರೆ ಮಾಡಿದರೆ ಬಣ್ಣ ಬದಲಾಗುತ್ತದೆ. ನಿಮ್ಮ ನ್ಯಾನೋಸೆಕೆಂಡ್ ಯಂತ್ರದಲ್ಲಿ ಈ ಗೆರೆಗಳು ಅಚ್ಚುಕಟ್ಟಾಗಿ ಬರುವುದಿಲ್ಲ. ಅದಕ್ಕೆ ಬೇರೆ ದಾರಿ ಹಿಡಿಯಿರಿ: ಫೋಕಸನ್ನು ಸ್ವಲ್ಪ ತಪ್ಪಿಸಿ, ಫ್ರೀಕ್ವೆನ್ಸಿ ಏರಿಸಿ, ಕರಗಿಸದೆ ಬರೀ ಕಾಯಿಸಿ. ಸ್ಟೇನ್‌ಲೆಸ್ ಅಥವಾ ಟೈಟೇನಿಯಂ ಮೇಲೆ ತೆಳ್ಳನೆಯ ಆಕ್ಸೈಡ್ ಪದರ ಬೆಳೆಯುತ್ತದೆ. ಪದರದ ದಪ್ಪಕ್ಕೆ ತಕ್ಕಂತೆ ಹೊಂಬಣ್ಣ, ನೇರಳೆ, ನೀಲಿ. ಉಳಿಗೆ ಹದ ಕೊಡುವಾಗ ಕಮ್ಮಾರರು ನೋಡುತ್ತ ಬಂದಿರುವುದೂ ಇದೇ ಬಣ್ಣಗಳನ್ನು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ 1930ರ ದಶಕದಲ್ಲಿ ಹಕ್ಕಿಯ ಗರಿ, ಚಿಪ್ಪುಗಳನ್ನು ಮುಂದಿಟ್ಟುಕೊಂಡು ಬಣ್ಣದ ಪುಡಿಯಿಲ್ಲದೆ ರಚನೆಯಿಂದಲೇ ಹುಟ್ಟುವ ಬಣ್ಣಗಳ ಬೆನ್ನು ಹತ್ತಿದ್ದರು. ಗ್ರಾಹಕರು ‘ಯಾವ ಪೇಂಟು?’ ಎಂದರೆ ಇದನ್ನೆಲ್ಲ ವಿವರಿಸುವ ಅಗತ್ಯವಿಲ್ಲ, ‘ಹೋಗಲ್ಲ’ ಎಂದರೆ ಸಾಕು.

ರೋಚೆಸ್ಟರಿನ ಚುನ್ಲೆ ಗುವೊ 2006ರಲ್ಲಿ ಫೆಮ್ಟೊಸೆಕೆಂಡ್ ಲೇಸರಿನಿಂದ ಥಳಥಳಿಸುವ ಲೋಹವನ್ನು ಕಾಡಿಗೆಯಷ್ಟು ಕಪ್ಪಾಗಿಸಿದರು, 2008ರಲ್ಲಿ ಅಲ್ಯೂಮಿನಿಯಮ್ಮಿಗೆ ಚಿನ್ನದ ಬಣ್ಣ ತರಿಸಿದರು. ಚಿನ್ನದ ಬಣ್ಣ ಮಾತ್ರ. ಎಚ್‌ಯುಐಡಿ ಸಿಗುವುದಿಲ್ಲ.

ನೀರಿನ ಪರೀಕ್ಷೆ

ಕೆಸುವಿನ ಎಲೆಯ ಮೇಲೆ, ತಾವರೆ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದು ಎಲೆ ನಯವಾಗಿರುವುದರಿಂದ ಎಂದು ನೀವು ನಂಬಿದ್ದರೆ ತಿದ್ದಿಕೊಳ್ಳಿ. ಜರ್ಮನಿಯ ವಿಲ್‌ಹೆಲ್ಮ್ ಬಾರ್ತ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹ್ಯೂಸ್ 1997ರಲ್ಲಿ ತಾವರೆಯ ಗುಟ್ಟನ್ನು ಬಿಡಿಸಿಟ್ಟರು: ಮೈಕ್ರಾನ್ ಅಳತೆಯ ಉಬ್ಬುಗಳು, ಉಬ್ಬುಗಳ ಮೇಲೆ ಇನ್ನೂ ಸಣ್ಣ ಮೇಣದ ಕಡ್ಡಿಗಳು. ಹನಿ ಉಬ್ಬುಗಳ ತುದಿಯ ಮೇಲೆ ಕೂರುತ್ತದೆ, ಕೆಳಗೆಲ್ಲ ಗಾಳಿ. ಉರುಳುವಾಗ ಧೂಳನ್ನೂ ಎತ್ತಿಕೊಂಡು ಹೋಗುತ್ತದೆ. ಲೋಹದ ಮೇಲೆ ಇಂಥ ಎರಡಂತಸ್ತಿನ ಒರಟನ್ನು ಲೇಸರ್ ಕೊರೆಯಬಲ್ಲದು.

ಹಂತ ಒಂದು: ಕೊರೆಯಿರಿ. ಹಂತ ಎರಡು: ಹನಿ ನೀರು ಹಾಕಿ. ಮುತ್ತಾಗುವ ಬದಲು ಹನಿ ಪಚ್ಚೆಂದು ಹರಡಿ ತಗಡಿನೊಳಗೆ ಇಂಗಿದ ಹಾಗೆ ಮಾಯವಾಗುತ್ತದೆ. ಮಾಲು ಕೆಟ್ಟಿತೆಂದು ಸ್ಕ್ರಾಪಿಗೆ ಎಸೆಯಬೇಡಿ. ಹಂತ ಮೂರು: ಶೆಲ್ಫಿನ ಮೇಲಿಟ್ಟು ಮರೆತುಬಿಡಿ. ಹೊಸದಾಗಿ ಕೊರೆದ ಲೋಹದ ಆಕ್ಸೈಡ್ ಮೈ ಸಿಕ್ಕಿದ್ದನ್ನೆಲ್ಲ ಅಂಟಿಸಿಕೊಳ್ಳುವ ಆತುರದಲ್ಲಿರುತ್ತದೆ. ದಿನ ಕಳೆದಂತೆ ಗಾಳಿಯಲ್ಲಿ ತೇಲುವ ಇಂಗಾಲದ ಸಂಯುಕ್ತಗಳು ಅದರ ಮೇಲೆ ಕೂತು ಮೈ ನೀರೊಲ್ಲದಾಗುತ್ತದೆ. ಕೆಲವು ದಿನವೋ ಕೆಲವು ವಾರವೋ ಆದ ಮೇಲೆ ಅದೇ ತಗಡಿನ ಮೇಲೆ ಹನಿ 150 ಡಿಗ್ರಿಗೂ ಮೀರಿದ ಕೋನದಲ್ಲಿ ಗುಂಡಗೆ ನಿಲ್ಲುತ್ತದೆ. ಹದವಾಗಿ ಓವನ್ನಿನಲ್ಲಿಟ್ಟರೆ ಬೇಗ ಆಗುತ್ತದೆ. ಯಂತ್ರ ಆಫ್ ಮಾಡಿದ ಮೇಲೂ ಕೆಲಸ ನಡೆಯುತ್ತಿರುತ್ತದೆಂಬುದನ್ನು ಡೆಲಿವರಿ ತಾರೀಖು ಹೇಳುವಾಗ ಲೆಕ್ಕಕ್ಕೆ ಹಿಡಿಯಿರಿ.

ವೇಗದ ಬಗ್ಗೆಯೂ ಪ್ರಾಮಾಣಿಕವಾಗಿ ಹೇಳಬೇಕು. ಗುವೊ ಅವರ ತಂಡ 2015ರಲ್ಲಿ ಪ್ಲಾಟಿನಂ, ಟೈಟೇನಿಯಂ, ಹಿತ್ತಾಳೆಗಳ ಮೇಲೆ ನೀರೊಲ್ಲದ ಮೈ ಮಾಡಿದಾಗ ಒಂದು ಚದರ ಇಂಚಿಗೆ ಒಂದು ಗಂಟೆ ಹಿಡಿಯುತ್ತಿತ್ತು. 12 ಇಂಚಿನ ಊಟದ ತಟ್ಟೆಗೆ ಅದೇ ಲೆಕ್ಕ ಹಾಕಿದರೆ 113 ಗಂಟೆ, ಹಗಲೂ ರಾತ್ರಿ ಓಡಿಸಿದರೆ ಹತ್ತಿರಹತ್ತಿರ ಐದು ದಿನ. ಆಮೇಲೆ ಯಂತ್ರಗಳು ಬಹಳ ಚುರುಕಾಗಿವೆ. ಆದರೂ ತೊಳೆಯದೆ ಚೊಕ್ಕವಾಗುವ ತಟ್ಟೆಗೆ ಮುಂಗಡ ತೆಗೆದುಕೊಳ್ಳಬೇಡಿ.

ಗಾಜು

ನಿಮ್ಮ ಫೈಬರ್ ಯಂತ್ರದ ಕೆಳಗೆ ಗಾಜಿನ ಲೋಟ ಇಟ್ಟು ಪೆಡಲ್ ಒತ್ತಿ. ಲೋಟಕ್ಕೆ ಏನೂ ಆಗಿಲ್ಲ, ಅದರ ಕೆಳಗಿನ ಮೇಜಿನ ಮೇಲೆ ಗ್ರಾಹಕರ ಹೆಸರು ಚೆನ್ನಾಗಿ ಮೂಡಿದೆ. 1064 ನ್ಯಾನೋಮೀಟರ್ ಬೆಳಕಿಗೆ ಗಾಜೆಂದರೆ ತೆರೆದ ಬಾಗಿಲು.

ಕುಮಾರ್ ಪಟೇಲರ ಅನಿಲ ಲೇಸರ್ ಬೇಕಾಗುವುದು ಇಲ್ಲಿ. ಅದರ 10.6 ಮೈಕ್ರಾನ್ ಬೆಳಕನ್ನು ಗಾಜು ಮೇಲ್ಪದರದಲ್ಲೇ ನುಂಗಿಕೊಳ್ಳುತ್ತದೆ. ಆದರೆ ಗಾಜು ಲೋಹದ ಹಾಗೆ ಹೊಂದಿಕೊಂಡು ಹೋಗುವ ಜಾತಿಯಲ್ಲ. ಕಾದ ಚುಕ್ಕಿ ಹಿಗ್ಗುತ್ತದೆ, ಸುತ್ತಲ ತಣ್ಣನೆಯ ಗಾಜು ಬಿಡುವುದಿಲ್ಲ. ಆರುವಾಗ ಚುಕ್ಕಿ ಕುಗ್ಗಹೊರಟರೂ ಬಿಡುವುದಿಲ್ಲ. ಚಿಟ್ ಚಿಟ್ ಎಂದು ಸಣ್ಣ ಸದ್ದು ಕೇಳಿದರೆ ಬಿರುಕುಗಳು ಹುಟ್ಟುತ್ತಿವೆ ಎಂದರ್ಥ. ಉದ್ಘಾಟನೆಯ ನೆನಪಿನ ಫಲಕಗಳಲ್ಲಿ ಮಂಜು ಕವಿದಂತೆ ಬೆಳ್ಳಗೆ ಕಾಣುವ ಅಕ್ಷರಗಳೆಲ್ಲ ಇಂಥ ಸಾವಿರಾರು ಬಿರುಕುಗಳ ಜಮಾವಣೆ. ಗಾಜನ್ನು ಕೆತ್ತುವುದೆಂದರೆ ಒಡೆಯುವುದೇ, ಹತೋಟಿಯಲ್ಲಿ. ಕಸುಬಿನವರು ಗಾಜಿನ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ತೆಳ್ಳಗೆ ಸವರುತ್ತಾರೆ, ಇಲ್ಲವೇ ಒದ್ದೆ ಕಾಗದ ಅಂಟಿಸುತ್ತಾರೆ. ಬಿಸಿ ಮೆತ್ತಗೆ ಹಂಚಿಹೋಗಿ ಸಿಪ್ಪೆ ಏಳುವುದು ತಗ್ಗುತ್ತದೆ. ನಿನ್ನೆಯ ಪತ್ರಿಕೆಯಾದರೂ ನಡೆಯುತ್ತದೆ.

ಯಾವ ಗಾಜು ಎಂದು ಮೊದಲೇ ಕೇಳಿಕೊಳ್ಳಿ. ಒಂದು ಡಿಗ್ರಿ ಬಿಸಿಗೆ ಸಾಮಾನ್ಯ ಕಿಟಕಿ ಗಾಜು ತನ್ನ ಉದ್ದದ ಹತ್ತು ಲಕ್ಷದಲ್ಲಿ ಒಂಬತ್ತು ಪಾಲು ಹಿಗ್ಗುತ್ತದೆ, ಲ್ಯಾಬಿನ ಬೊರೊಸಿಲಿಕೇಟ್ 3.3 ಪಾಲು, ಶುದ್ಧ ಸಿಲಿಕಾ ಗಾಜು ಅರ್ಧ ಪಾಲು ಚಿಲ್ಲರೆ. ಆದ್ದರಿಂದ ಸಿಲಿಕಾ ಬಿರುಕು ಬಿಡದೆ ಕರಗಿ ನಯವಾಗುತ್ತದೆ. ಅದೇ ಅನಿಲ ಲೇಸರಿನಿಂದ ಗಾಜಿಗೆ ಪಾಲಿಶ್ ಕೂಡ ಮಾಡುತ್ತಾರೆ, ಕರಗಿದ ಮೇಲ್ಪದರ ತಾನಾಗಿ ಸಮತಟ್ಟಾಗುತ್ತದೆ. ಟಫನ್ಡ್ ಗಾಜನ್ನು ಮಾತ್ರ ಮುಟ್ಟಬೇಡಿ. ಅದರ ಎರಡೂ ಮೈ ಒತ್ತಡದಲ್ಲಿ, ಒಡಲು ಎಳೆತದಲ್ಲಿ ಇರುತ್ತದೆ. ನಿಮ್ಮ ಗೆರೆ ಒಡಲು ಮುಟ್ಟಿದ ಕ್ಷಣ ಇಡೀ ಹಾಳೆ ಕಲ್ಲುಸಕ್ಕರೆ.

ಬಿರುಕಿಲ್ಲದ ಗೆರೆ ಬೇಕೆಂದರೆ ಮತ್ತೆ ಫೆಮ್ಟೊಸೆಕೆಂಡಿಗೇ ಬರಬೇಕು. 1030 ನ್ಯಾನೋಮೀಟರಿನ ಒಂದು ಫೋಟಾನ್ ಸಿಲಿಕಾದ ಎಲೆಕ್ಟ್ರಾನನ್ನು ಬಿಡಿಸಿಕೊಳ್ಳಲಾರದು. ಅದಕ್ಕೆ ಏಳೆಂಟು ಫೋಟಾನುಗಳು ಒಟ್ಟಿಗೆ ಬಂದು ಬೀಳಬೇಕು. ಬೆಳಕು ಅತಿ ದಟ್ಟವಾಗಿರುವ ಫೋಕಸಿನಲ್ಲಿ ಮಾತ್ರ ಅದು ಸಾಧ್ಯ. ಹಾಗಾಗಿ ಮೇಲ್ಮೈಯನ್ನು ಮುಟ್ಟದೆ ಗಾಜಿನ ಹೊಟ್ಟೆಯೊಳಗೂ ಬರೆಯಬಹುದು. ಒಂದಕ್ಕಿಂತ ಹೆಚ್ಚು ಫೋಟಾನುಗಳನ್ನು ಒಮ್ಮೆಲೇ ನುಂಗುವುದು ಸಾಧ್ಯವೆಂದು ಮರಿಯಾ ಗೋಪರ್ಟ್-ಮಾಯರ್ 1931ರಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ್ದರು, ಲೇಸರ್ ಹುಟ್ಟುವ 29 ವರ್ಷ ಮೊದಲು. ಭೌತವಿಜ್ಞಾನದ ನೊಬೆಲ್ ಪಡೆದ ಎರಡನೆಯ ಮಹಿಳೆ ಅವರು, ಮೂರನೆಯವರು ಸ್ಟ್ರಿಕ್‌ಲೆಂಡ್. ಎರಡನೆಯವರು ಲೆಕ್ಕ ಹಾಕಿದ್ದನ್ನು ಮೂರನೆಯವರ ಉಪಾಯದಿಂದ ಹುಟ್ಟಿದ ಯಂತ್ರಗಳು ಗಾಜಿನಲ್ಲಿ ದಿನಾ ಮಾಡುತ್ತಿವೆ.

ಪ್ಲಾಸ್ಟಿಕ್

ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಪಿವಿಸಿಯನ್ನು ಯಂತ್ರದ ಹತ್ತಿರವೂ ತರಬೇಡಿ, ಅದರ ಹೊಗೆಯಲ್ಲಿ ಏಳುವ ಹೈಡ್ರೋಜನ್ ಕ್ಲೋರೈಡ್ ಮೊದಲು ನಿಮ್ಮ ಶ್ವಾಸಕೋಶ, ಆಮೇಲೆ ಯಂತ್ರದ ಕಬ್ಬಿಣ ತಿನ್ನುತ್ತದೆ.

ತೊಂದರೆ ಮತ್ತು ಪರಿಹಾರ

ಗ್ರಾಹಕರು: ‘ಅಣ್ಣಾ, ಸ್ಟೇನ್‌ಲೆಸ್ಸು ಅಂತ ತಗೊಂಡ್ವಿ, ಹೆಸರು ಹಾಕ್ಸಿರೋ ಕಡೆನೇ ತುಕ್ಕು ಬಂದಿದೆಯಲ್ಲ?’ ಹೌದು, ಬರುತ್ತದೆ. ಸ್ಟೇನ್‌ಲೆಸ್ಸನ್ನು ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪರೆ. ನೀವು ಕಾಯಿಸಿ ಕೆದಕಿದ್ದು ಅದನ್ನೇ. ಕೆತ್ತಿದ ಮೇಲೆ ಆ ಪರೆ ಮತ್ತೆ ಕಟ್ಟುವಂತೆ ಸಿಟ್ರಿಕ್ ಅಥವಾ ನೈಟ್ರಿಕ್ ಆಮ್ಲದಲ್ಲಿ ಪ್ಯಾಸಿವೇಶನ್ ಮಾಡಿಸಿ. ಶಸ್ತ್ರಚಿಕಿತ್ಸೆಯ ಕತ್ತರಿ ಮಾಡುವವರು ಇದನ್ನು ಬಿಡುವುದೇ ಇಲ್ಲ. ಡಬ್ಬಿಯವರು ಮಾಡಿಸುವುದೇ ಇಲ್ಲ.

ಸ್ಟೀಲಿಗೆ ಇಟ್ಟ ಸೆಟ್ಟಿಂಗಿನಲ್ಲೇ ತಾಮ್ರದ ಚೊಂಬಿನ ಮೇಲೆ ಏನೂ ಮೂಡುತ್ತಿಲ್ಲ: ತಾಮ್ರ, ಬೆಳ್ಳಿ, ಚಿನ್ನ ಈ ಬೆಳಕಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲನ್ನು ವಾಪಸು ಕಳಿಸುತ್ತವೆ. ಒಂದೇ ಸಮನೆ ಪವರ್ ಏರಿಸುತ್ತ ಹೋಗಬೇಡಿ. ವಾಪಸು ಬಂದ ಕಿರಣ ಬಂದ ದಾರಿಯಲ್ಲೇ ಹಿಂದಿರುಗಿ ಲೇಸರ್ ಮೂಲವನ್ನೇ ಕೆಡಿಸಬಲ್ಲದು. ತಾಮ್ರ ಹಸಿರು ಮತ್ತು ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹಸಿರು ಲೇಸರ್ ಇದ್ದವರ ಹತ್ತಿರ ಜಾಬ್ ವರ್ಕ್ ಮಾಡಿಸಿಕೊಂಡು ಬಂದು ನಿಮ್ಮದೆಂದು ಕೊಡಿ, ಎಲ್ಲರೂ ಹಾಗೇ ಮಾಡುವುದು.

ಒಂದು ಮೂಲೆಯ ಅಕ್ಷರ ಗಾಢ, ಇನ್ನೊಂದು ಮೂಲೆಯದು ಮಾಸಲು: ತಗಡು ಮಟ್ಟವಾಗಿಲ್ಲ, ಫೋಕಸ್ ತಪ್ಪಿದೆ. ಡಬ್ಬಿಯ ಉಬ್ಬಿನ ಮೇಲೂ ಹೀಗೇ ಆಗುತ್ತದೆ, ಡಬ್ಬಿಯನ್ನು ತಿರುಗಿಸುವ ರೋಟರಿ ಹಾಕಿ.

ಹೆಸರಿನಲ್ಲಿ ಒತ್ತಕ್ಷರ ತಪ್ಪಿದೆ: ಇದಕ್ಕೆ ಭೌತವಿಜ್ಞಾನದಲ್ಲಿ ಪರಿಹಾರವಿಲ್ಲ.

ವಾರಂಟಿ

ಲೇಸರ್ ಮೂಲದ ಆಯಸ್ಸು ಒಂದು ಲಕ್ಷ ಗಂಟೆ ಎಂದು ಬ್ರೋಷರುಗಳಲ್ಲಿ ಅಚ್ಚಾಗಿರುತ್ತದೆ. ದಿನಕ್ಕೆ ಎಂಟು ಗಂಟೆಯಂತೆ, ಹಬ್ಬಕ್ಕೂ ರಜೆ ಇಲ್ಲದೆ ಓಡಿಸಿದರೆ 34 ವರ್ಷ. ವಾರಂಟಿ ಕಾರ್ಡಿನ ಮೇಲಿರುವ ಅಂಕಿ ಅಷ್ಟು ದೊಡ್ಡದಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಡಿ. ಡಾಂಗಲ್, ಕಾಲುಪೆಡಲ್, ಕಳೆದುಹೋದ ಗ್ರಾಹಕರು ವಾರಂಟಿಗೆ ಒಳಪಡುವುದಿಲ್ಲ. ಲೆನ್ಸನ್ನು ಲೆನ್ಸಿನ ಕಾಗದ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಮಾತ್ರ ಒರೆಸತಕ್ಕದ್ದು. ವೇಸ್ಟ್ ಬಟ್ಟೆ, ಪಂಚೆಯ ಅಂಚು, ಸೀರೆಯ ಸೆರಗು ಕೂಡದು. ಲೆನ್ಸಿನ ಮೇಲೆ ಕೂತ ಹೊಗೆಯ ಕಣ ಬೆಳಕು ಹೀರಿ ಕಾಯುತ್ತದೆ, ಹೊದಿಕೆ ಸುಡುತ್ತದೆ, ಅಲ್ಲಿಂದ ಮುಂದೆ ಯಂತ್ರ ಕೆತ್ತುವುದು ತನ್ನ ಲೆನ್ಸನ್ನೇ. ಆ ಕೆತ್ತನೆಗೆ ಜಾಬ್ ವರ್ಕ್ ಬಿಲ್ಲು ಹಾಕಲು ಬರುವುದಿಲ್ಲ.